ಮೇಲೂ ಹೋಗದ, ಕೆಳಗೂ ಬಾರದ ಡ್ರಾಪ್‌ಡೌನ್ ಬೆಡ್: ತೊಡಕು ಎಲ್ಲಿದೆ ಎಂದು ಹುಡುಕುವುದು ಹೇಗೆ

ಮೋಟರ್‌ಹೋಮ್‌ನ (ಮಲಗಿ ಉಳಿಯುವಂತೆ ಮಾಡಿದ ಮನೆಯಂಥ ಗಾಡಿ) ಡ್ರಾಪ್‌ಡೌನ್ ಬೆಡ್, ಅಂದರೆ ಬಟನ್ ಒತ್ತಿದರೆ ಛಾವಣಿಯಿಂದ ಇಳಿಯುವ ಹಾಸಿಗೆ, ಕೈಕೊಟ್ಟಿತೆಂದು ಗ್ಯಾರೇಜಿಗೆ ಹೋದರೆ ಮೊದಲು ಕಿವಿಗೆ ಬೀಳುವ ಮಾತು ‘ಮೋಟ್ರು ಹೋಗಿದೆ ಸಾರ್’. ಹೆಚ್ಚಿನ ಸಲ ಮೋಟರಿಗೆ ಏನೂ ಆಗಿರುವುದಿಲ್ಲ. ಅದಕ್ಕೆ ಸಾಕಷ್ಟು ಕರೆಂಟು ತಲುಪುತ್ತಿಲ್ಲ, ಇಲ್ಲವೇ ಯಾವುದೋ ರಕ್ಷಣೆಯ ಸ್ವಿಚ್ಚು ಅದನ್ನು ತಡೆದು ನಿಲ್ಲಿಸಿದೆ. ಎರಡರಲ್ಲಿ ಯಾವುದು ಎಂದು ತಿಳಿಯಲು ಪ್ಯಾನಲ್ ಬಿಚ್ಚಬೇಕಾಗಿಲ್ಲ. ಬಟನ್ ಒತ್ತಿ ಕಿವಿಗೊಟ್ಟರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಒಳಗಿನ ವ್ಯವಸ್ಥೆ ದೊಡ್ಡದೇನಲ್ಲ. 12 ವೋಲ್ಟಿನ ಒಂದು ಡಿಸಿ ಮೋಟರ್, ಅದಕ್ಕೆ ಸೇರಿದ ಗೇರ್‌ಬಾಕ್ಸ್, ಅಲ್ಲಿಂದ ಬೆಡ್‌ನ ಅಡ್ಡಕ್ಕೆ ಹೋಗುವ ಒಂದು ಶಾಫ್ಟ್. ಶಾಫ್ಟಿನ ಮೇಲಿನ ಡ್ರಮ್ಮುಗಳಿಗೆ ಸೀಟ್‌ಬೆಲ್ಟಿನಂಥ ಅಗಲವಾದ ಪಟ್ಟಿಗಳು ಸುತ್ತಿಕೊಂಡು, ಬಿಚ್ಚಿಕೊಂಡು ನಾಲ್ಕೂ ಮೂಲೆಗಳನ್ನು ಏರಿಸಿ ಇಳಿಸುತ್ತವೆ. ಕೆಲವು ಗಾಡಿಗಳಲ್ಲಿ ಪಟ್ಟಿಯ ಜಾಗದಲ್ಲಿ ಉಕ್ಕಿನ ಕೇಬಲ್ ಇರುತ್ತದೆ, ಇನ್ನು ಕೆಲವದರಲ್ಲಿ ಹಲ್ಲಿನ ಪಟ್ಟಿಯ ಮೇಲೆ ಪಿನಿಯನ್ (ಸಣ್ಣ ಹಲ್ಲಿನ ಚಕ್ರ) ಓಡುತ್ತದೆ. ನಮ್ಮಲ್ಲಿ ಟಿಟಿ (ಟೆಂಪೊ ಟ್ರಾವೆಲರ್) ಅಥವಾ ಸಣ್ಣ ಬಸ್ಸಿನ ಚಾಸಿ ಮೇಲೆ ಬಾಡಿ ಕಟ್ಟಿಸಿದವರು ಲೀನಿಯರ್ ಆ್ಯಕ್ಚುಯೇಟರ್ (ಮೋಟರಿನಿಂದ ಉದ್ದಕ್ಕೆ ಚಾಚಿ ಮರಳುವ ರಾಡು) ಹಾಕಿಸಿರುವುದೂ ಉಂಟು. ಮೋಟರಿಗೆ ಹೋಗುವ ಪ್ಲಸ್ಸು ಮೈನಸ್ಸು ಅದಲುಬದಲಾದರೆ ಅದು ತಿರುಗುವ ದಿಕ್ಕು ಬದಲಾಗುತ್ತದೆ. ಈ ಅದಲುಬದಲು ಕಂಟ್ರೋಲ್ ಬಾಕ್ಸಿನೊಳಗಿನ ರಿಲೇಗಳ, ಅಂದರೆ ಕರೆಂಟಿನಿಂದಲೇ ಹಾಕಿ ತೆಗೆಯುವ ಸ್ವಿಚ್ಚುಗಳ ಕೆಲಸ. ಮೇಲಿನ ಕೊನೆಗೊಂದು, ಕೆಳಗಿನ ಕೊನೆಗೊಂದು ಲಿಮಿಟ್ ಸ್ವಿಚ್ ಇರುತ್ತದೆ; ಬೆಡ್ ತುದಿ ಮುಟ್ಟಿದಾಗ ಮೋಟರನ್ನು ನಿಲ್ಲಿಸುವುದು ಅದೇ.

ಕೆಳಗೆ ಯಾರೂ ಇರಬಾರದು

ಗೇರ್‌ಬಾಕ್ಸು ಸಾಮಾನ್ಯವಾಗಿ ವರ್ಮ್ ಮಾದರಿಯದು. ಮೋಟರ್ ಗೇರನ್ನು ತಿರುಗಿಸಬಲ್ಲದು, ಬೆಡ್‌ನ ಭಾರ ಮೋಟರನ್ನು ಹಿಂದಕ್ಕೆ ತಿರುಗಿಸಲಾರದು. ಕರೆಂಟು ಹೋದರೂ ಬೆಡ್ ಇದ್ದಲ್ಲೇ ನಿಲ್ಲುವುದು ಇದರಿಂದ. ಹಾಗಾಗಿ ‘ಮೋಟರ್ ಬಿಚ್ಚಿ ನೋಡೋಣ’ ಎಂದು ನಾಲ್ಕು ಬೋಲ್ಟು ತೆಗೆದ ಗಳಿಗೆಯಲ್ಲಿ ಬೆಡ್‌ಗಿದ್ದ ಒಂದೇ ಹಿಡಿತವೂ ತಪ್ಪುತ್ತದೆ. ಅರ್ಧಕ್ಕೆ ನಿಂತ ಬೆಡ್‌ನ ಕೆಳಗೆ ತಲೆ ಹಾಕುವ ಮೊದಲು ನಾಲ್ಕು ಮೂಲೆಗೂ ಊರೆ ಕೊಡಿ. 2×3 ಇಂಚಿನ ರೀಪರನ್ನು ಅಳತೆಗೆ ಕೊಯ್ದು, ನೆಲಕ್ಕೂ ಬೆಡ್‌ನ ಫ್ರೇಮಿಗೂ ನಡುವೆ ಬಿಗಿಯಾಗಿ ನಿಲ್ಲಿಸಿದರೆ ಸಾಕು. ಪ್ಲೈವುಡ್ಡಿಗೆ ಊರೆ ಕೊಡಬೇಡಿ, ಫ್ರೇಮಿಗೇ ಕೊಡಿ. ವೈರಿಗೆ ಕೈ ಹಾಕುವ ಮುನ್ನ 12 ವೋಲ್ಟಿನ ಮೇನ್ ಸ್ವಿಚ್ ಆಫ್ ಆಗಿರಲಿ. ಅಳತೆ ತೆಗೆಯುವ ಹೊತ್ತಿಗೆ ಮಾತ್ರ ಆನ್ ಮಾಡಿ, ಆಗ ಬಟನ್ ಹತ್ತಿರ ಒಬ್ಬರು ನಿಂತಿರಲಿ.

ಸದ್ದು ಏನು ಹೇಳುತ್ತದೆ

ಬಟನ್ ಒತ್ತಿದಾಗ ಏನೇನೂ ಸದ್ದಿಲ್ಲ ಎಂದರೆ ಕಂಟ್ರೋಲ್ ಬಾಕ್ಸಿಗೇ ಕರೆಂಟು ಬರುತ್ತಿಲ್ಲ, ಅಥವಾ ಇಂಟರ್‌ಲಾಕ್ (ಷರತ್ತು ಪೂರೈಸದಿದ್ದರೆ ಬೆಡ್ ಓಡದಂತೆ ತಡೆಯುವ ರಕ್ಷಣೆಯ ಸ್ವಿಚ್ಚು) ತಡೆದಿದೆ. ಒಂದೇ ಸಲ ‘ಟಿಕ್’ ಎಂದು ಸುಮ್ಮನಾದರೆ ರಿಲೇ ಎಳೆಯುತ್ತಿದೆ, ಅಲ್ಲಿಂದ ಮುಂದೆ ಮೋಟರಿನವರೆಗಿನ ದಾರಿಯಲ್ಲಿ ತೊಡಕಿದೆ. ‘ಟಿಕ್‌ಟಿಕ್‌ಟಿಕ್’ ಎಂದು ಬಡಿದುಕೊಂಡರೆ ವೋಲ್ಟೇಜ್ ಕುಸಿಯುತ್ತಿದೆ: ರಿಲೇ ಎಳೆಯುತ್ತದೆ, ಮೋಟರ್ ಕರೆಂಟು ಹೀರುತ್ತದೆ, ವೋಲ್ಟೇಜ್ ಬೀಳುತ್ತದೆ, ರಿಲೇ ಬಿಟ್ಟುಬಿಡುತ್ತದೆ, ವೋಲ್ಟೇಜ್ ಮತ್ತೆ ಏರುತ್ತದೆ, ಮತ್ತೆ ಎಳೆಯುತ್ತದೆ. ‘ಗೂಂ’ ಎಂದು ನರಳಿ ಅಲ್ಲಾಡದೇ ಇದ್ದರೆ ಬೆಡ್ ಎಲ್ಲೋ ಕಚ್ಚಿಕೊಂಡಿದೆ, ಇಲ್ಲವೇ ಮೋಟರಿಗೆ ಸಿಗುತ್ತಿರುವ ಕರೆಂಟು ಅರೆಹೊಟ್ಟೆ. ಮೋಟರ್ ಆರಾಮಾಗಿ ತಿರುಗುತ್ತಿದೆ, ಬೆಡ್ ಮಾತ್ರ ಕದಲುತ್ತಿಲ್ಲ ಎಂದಾದರೆ ಶಾಫ್ಟಿನ ಪಿನ್ನು ತುಂಡಾಗಿದೆ ಅಥವಾ ಗೇರಿನ ಹಲ್ಲು ಸವೆದಿದೆ. ಈ ಕೊನೆಯ ಸದ್ದು ಕೇಳಿದರೆ ಬಟನ್ನಿನಿಂದ ಕೈ ತೆಗೆದು ಮೊದಲು ಊರೆ ಕೊಡಿ. ಬೆಡ್ ಈಗ ಯಾವುದರ ಮೇಲೆ ನಿಂತಿದೆ ಎಂದು ಹೇಳಲಾಗದು.

ಏನೂ ಸದ್ದಿಲ್ಲದ ಪ್ರಕರಣದಲ್ಲಿ ಇಂಟರ್‌ಲಾಕನ್ನೇ ಮೊದಲು ನೋಡಬೇಕು, ಖರ್ಚಿಲ್ಲದ ಪರೀಕ್ಷೆ ಅದು. ಕಂಪನಿಯವರು ಬೆಡ್ ಇಳಿಯುವ ಮುನ್ನ ಕೆಲವು ಷರತ್ತು ಹಾಕಿರುತ್ತಾರೆ. ಸೀಟಿನ ಬೆನ್ನು ಮಡಚಿರಬೇಕು, ಟೇಬಲ್ ಇಳಿದಿರಬೇಕು, ಇಂಜಿನ್ ಆಫ್ ಆಗಿರಬೇಕು, ಬೆಡ್‌ನ ಕೀ ಸ್ವಿಚ್ ಆನ್ ಆಗಿರಬೇಕು. ಎಲ್ಲ ಗಾಡಿಯಲ್ಲೂ ಎಲ್ಲವೂ ಇರುವುದಿಲ್ಲ, ನಿಮ್ಮ ಗಾಡಿಯ ಪುಸ್ತಕದಲ್ಲಿ ಯಾವುದಿದೆ ನೋಡಿಕೊಳ್ಳಿ. ಸೀಟಿನ ಬೆನ್ನು ಮಡಚಿದಂತೆ ಕಂಡರೂ ಕುಶನ್ನಿನ ಅಂಚು ಸಿಕ್ಕಿಕೊಂಡು ಅದರಡಿಯ ಸ್ವಿಚ್ಚು ಪೂರ್ತಿ ಒತ್ತಿರುವುದಿಲ್ಲ. ಒಂದು ಸಲ ಎತ್ತಿ, ಗಟ್ಟಿಯಾಗಿ ಮಡಚಿ, ಮತ್ತೆ ಬಟನ್ ಒತ್ತಿ. ಪ್ರಯಾಣಕ್ಕೆಂದು ಬೆಡ್ಡನ್ನು ಛಾವಣಿಗೆ ಬಿಗಿಯುವ ಕೊಕ್ಕೆ ಅಥವಾ ಬೆಲ್ಟು ಇರುವ ಗಾಡಿಗಳಲ್ಲಿ ಅದನ್ನು ಬಿಚ್ಚದೆ ‘ಇಳಿ’ ಒತ್ತಿ ಫ್ಯೂಸು ಹೊಡೆಸುವವರೂ ಇದ್ದಾರೆ.

ಬ್ಯಾಟರಿ, ಫ್ಯೂಸು, ವೈರು

ಹೆಚ್ಚು ತೊಂದರೆ ಬರುವುದು ಇಲ್ಲೇ. ಲೈಟು ಉರಿಯುತ್ತಿದೆ, ಫ್ಯಾನು ತಿರುಗುತ್ತಿದೆ, ಆದ್ದರಿಂದ ಬ್ಯಾಟರಿ ಸರಿಯಾಗಿದೆ ಎಂಬ ಲೆಕ್ಕ ತಪ್ಪು. ಎಲ್‌ಇಡಿ ದೀಪಕ್ಕೆ ಅರ್ಧ ಆಂಪಿಯರ್ ಸಾಕು. ಬೆಡ್‌ನ ಮೋಟರ್ ಎತ್ತುವಾಗ 10–20 ಆಂಪಿಯರ್ ಕೇಳಬಹುದು, ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು.

ಲೆಡ್ ಆ್ಯಸಿಡ್ ಬ್ಯಾಟರಿ ಸ್ವಲ್ಪ ಹೊತ್ತು ಸುಮ್ಮನಿದ್ದಾಗ 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಹತ್ತಿರಹತ್ತಿರ ಅರ್ಧ, 11.8 ಎಂದರೆ ಬರಿದಾಗಿದೆ. ಆದರೆ ಸುಮ್ಮನಿರುವ ಬ್ಯಾಟರಿಯ ವೋಲ್ಟೇಜನ್ನು ನಂಬಿ ಕೂರಬೇಡಿ. ಮಲ್ಟಿಮೀಟರಿನ (ವೋಲ್ಟೇಜ್ ಅಳೆಯುವ ಮೀಟರು) ಕಡ್ಡಿಗಳನ್ನು ಬ್ಯಾಟರಿಯ ಟರ್ಮಿನಲ್ಲಿಗೇ ಹಿಡಿದು, ಇನ್ನೊಬ್ಬರಿಂದ ‘ಏರು’ ಬಟನ್ ಒತ್ತಿಸಿ. ಆಗ ವೋಲ್ಟೇಜ್ 11ಕ್ಕಿಂತ ಕೆಳಗೆ ಜಾರಿದರೆ ಬ್ಯಾಟರಿಯೇ ಸೋತಿದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಅಂಕಿಗಳು ಬೇರೆ. ಅದು ಬಹುಪಾಲು ಹೊತ್ತು 13.2ರ ಆಸುಪಾಸಿನಲ್ಲೇ ನಿಂತಿದ್ದು, ಖಾಲಿಯಾಗುವಾಗ ಬಿಎಂಎಸ್ (ಬ್ಯಾಟರಿಯೊಳಗಿನ ರಕ್ಷಣೆಯ ಸರ್ಕ್ಯೂಟು) ಕರೆಂಟನ್ನು ಒಮ್ಮೆಗೇ ಕಡಿದುಬಿಡುತ್ತದೆ. ಲೈಟು, ಫ್ಯಾನು, ಬೆಡ್ ಎಲ್ಲವೂ ಒಟ್ಟಿಗೆ ಸತ್ತರೆ ಅದೇ ಕಾರಣವಿರಬಹುದು.

‘ಚಾರ್ಜರ್ ಹಾಕಿದ್ದೀನಲ್ಲ’ ಎನ್ನುವವರಿಗೆ ಒಂದು ಮಾತು. 10 ಆಂಪಿಯರಿನ ಚಾರ್ಜರ್ ತಾನೊಂದೇ 20 ಆಂಪಿಯರಿನ ಮೋಟರನ್ನು ಓಡಿಸಲಾರದು. ನಡುವೆ ಜೀವವಿರುವ ಬ್ಯಾಟರಿ ಬೇಕು. ಅದೂ ಅಲ್ಲದೆ ಮಂಡ್ಯದ ಕಡೆ ಹಳ್ಳಿಯ ತೋಟದ ಮನೆಯಲ್ಲಿ ಗಾಡಿ ನಿಲ್ಲಿಸಿ ಪ್ಲಗ್ಗು ಚುಚ್ಚಿದಾಗ, ಸಂಜೆ ಪಂಪುಸೆಟ್ಟುಗಳ ಜೊತೆ ವೋಲ್ಟೇಜೂ ಇಳಿದಿದ್ದರೆ ಕೆಲವು ಚಾರ್ಜರುಗಳು ಚಾರ್ಜನ್ನೇ ಶುರು ಮಾಡುವುದಿಲ್ಲ. ದೀಪ ಹತ್ತಿದ್ದನ್ನು ನೋಡಿ ಚಾರ್ಜ್ ಆಗುತ್ತಿದೆ ಎಂದುಕೊಳ್ಳದೆ ಬ್ಯಾಟರಿಯ ವೋಲ್ಟೇಜ್ ಏರುತ್ತಿದೆಯೇ ನೋಡಿ. ಗಾಡಿಯ ಇಂಜಿನ್ನು ಮನೆಬ್ಯಾಟರಿಗೂ (ಗಾಡಿಯೊಳಗಿನ ಲೈಟು, ಫ್ಯಾನು, ಬೆಡ್ ಓಡಿಸುವ ಬ್ಯಾಟರಿ) ಚಾರ್ಜ್ ಕೊಡುವಂತಿದ್ದರೆ ಅರ್ಧ ಗಂಟೆ ಇಂಜಿನ್ ಓಡಿಸಿ, ನಂತರ ಆಫ್ ಮಾಡಿ, ಬಟನ್ ಒತ್ತಿ. ಬಯಲಲ್ಲಿ ಸಿಕ್ಕಿಹಾಕಿಕೊಂಡಾಗ ಇದಕ್ಕಿಂತ ಸುಲಭದ ಉಪಾಯ ಬೇರೆ ಇಲ್ಲ.

ಬೆಡ್‌ನ ದಾರಿಯಲ್ಲಿ ಒಂದಕ್ಕಿಂತ ಹೆಚ್ಚು ಫ್ಯೂಸು ಇರುವುದು ಸಾಮಾನ್ಯ: ಬ್ಯಾಟರಿಯ ಪಕ್ಕ ಒಂದು, ಹಂಚಿಕೆ ಪ್ಯಾನಲ್ಲಿನಲ್ಲಿ ಒಂದು, ಕೆಲವೊಮ್ಮೆ ಕಂಟ್ರೋಲ್ ಬಾಕ್ಸಿನ ಬಳಿ ವೈರಿನಲ್ಲೇ ಒಂದು. ಬ್ಲೇಡ್ ಫ್ಯೂಸಿನಲ್ಲಿ ನೀಲಿ 15 ಆಂಪಿಯರ್, ಹಳದಿ 20, ಬಿಳಿ 25, ಹಸಿರು 30. ಕಣ್ಣಿಗೆ ಸರಿಯಿದ್ದಂತೆ ಕಾಣುವ ಫ್ಯೂಸಿನಲ್ಲಿ ಕೂದಲೆಳೆಯ ಬಿರುಕಿರಬಹುದು, ಆದ್ದರಿಂದ ಎರಡೂ ತುದಿಯಲ್ಲಿ ಕರೆಂಟು ನೋಡಿ. ಹೊಡೆದ ಹಳದಿಯ ಜಾಗಕ್ಕೆ ಹಸಿರು ಹಾಕಿದರೆ ಮುಂದಿನ ಸಲ ಸುಡುವುದು ಫ್ಯೂಸಲ್ಲ, ಛಾವಣಿಯೊಳಗಿನ ವೈರು. ಹೊಸ ಫ್ಯೂಸು ಯಾವಾಗ ಹೊಡೆಯುತ್ತದೆ ಎಂಬುದೂ ಸುಳಿವು ಕೊಡುತ್ತದೆ. ಹಾಕಿದ ಕೂಡಲೇ ಹೊಡೆದರೆ ಎಲ್ಲೋ ಶಾರ್ಟ್ ಆಗಿದೆ. ಬೆಡ್ ಒಂದು ಗೇಣು ಚಲಿಸಿ ಅದೇ ಎತ್ತರಕ್ಕೆ ಬಂದಾಗೆಲ್ಲ ಹೊಡೆದರೆ, ಬೆಡ್ ಆ ಜಾಗದಲ್ಲಿ ಕಚ್ಚುತ್ತಿದೆ, ಅಥವಾ ಬೆಡ್‌ನ ಜೊತೆಯಲ್ಲೇ ಏರಿಳಿಯುವ ವೈರಿನ ಕಟ್ಟು ಅಲ್ಲಿ ಉಜ್ಜಿ ಸಿಪ್ಪೆ ಕಿತ್ತುಕೊಂಡಿದೆ. ತಲೆಹತ್ತಿರದ ಓದುವ ದೀಪಕ್ಕೆ ಹೋಗುವ ವೈರು ಹೀಗೆ ಮಡಚಿ ಮಡಚಿ ಒಳಗೇ ತುಂಡಾಗುತ್ತದೆ. ಬೆಡ್ ಇಳಿಸುವಾಗ ದೀಪ ಮಿಣುಕಿದರೆ ಆ ಕಟ್ಟನ್ನೇ ಹಿಡಿದು ನೋಡಿ.

ಇನ್ನು ವೈರಿನ ದಪ್ಪ. ಇಲ್ಲಿ ಕಟ್ಟಿಸಿದ ಗಾಡಿಗಳಲ್ಲಿ ಮನೆ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರಿನ ವೈರನ್ನೇ ಬೆಡ್‌ನ ಮೋಟರಿಗೂ ಎಳೆದಿರುವುದನ್ನು ನೋಡಬಹುದು. 230 ವೋಲ್ಟಿನಲ್ಲಿ ಒಂದು ವೋಲ್ಟ್ ಸೋರಿದರೆ ಯಾರಿಗೂ ಗೊತ್ತಾಗುವುದಿಲ್ಲ, 12ರಲ್ಲಿ ಒಂದು ಸೋರಿದರೆ ಹನ್ನೆರಡನೇ ಒಂದು ಪಾಲು ಹೋಯಿತು. ಲೆಕ್ಕ ಹೀಗಿದೆ. 2.5ರ ತಾಮ್ರದ ವೈರಿಗೆ ಮೀಟರಿಗೆ ಸುಮಾರು 8 ಮಿಲಿಓಮ್ ರೆಸಿಸ್ಟೆನ್ಸ್. ಬ್ಯಾಟರಿ 5 ಮೀಟರ್ ದೂರವಿದ್ದರೆ ಹೋಗಿ ಬರುವ ದಾರಿ 10 ಮೀಟರ್, ಅಂದರೆ 0.08 ಓಮ್. 15 ಆಂಪಿಯರ್ ಹರಿದಾಗ 1.2 ವೋಲ್ಟ್ ದಾರಿಯಲ್ಲೇ ಖರ್ಚು. ಅದೇ ದೂರಕ್ಕೆ 6 ಚದರ ಮಿಲಿಮೀಟರಿನ ವೈರು ಹಾಕಿದರೆ ನಷ್ಟ ಅರ್ಧ ವೋಲ್ಟು. ತುಂಬಿದ ಬ್ಯಾಟರಿಯಲ್ಲಿ ಸಲೀಸಾಗಿ ಏರುವ ಬೆಡ್ ರಾತ್ರಿಯೆಲ್ಲ ಫ್ಯಾನು ಓಡಿದ ಮೇಲೆ ಬೆಳಿಗ್ಗೆ ಏರಲಾಗದೆ ಒದ್ದಾಡುವುದಕ್ಕೆ ಈ ಒಂದು ವೋಲ್ಟೇ ಕಾರಣವಾಗಬಹುದು. ಇಳಿಯುವಾಗ ಭಾರವೇ ಕೆಳಕ್ಕೆ ಎಳೆಯುವುದರಿಂದ ಮೋಟರಿಗೆ ಶ್ರಮ ಕಡಿಮೆ. ಸಲೀಸಾಗಿ ಇಳಿದು ಏರುವಾಗ ಮಾತ್ರ ಮುಷ್ಕರ ಹೂಡಿದರೆ ಮೊದಲ ಅನುಮಾನ ವೋಲ್ಟೇಜಿನ ಮೇಲಿರಲಿ.

ವೈರಿಗಿಂತ ಕೆಟ್ಟದ್ದು ಜಾಯಿಂಟು. ಲಗ್ಗಿನಲ್ಲಿ (ವೈರಿನ ತುದಿಯ ಲೋಹದ ಕೊಂಡಿ) ಹಸಿರು ಕಿಲುಬು ಹಿಡಿದು 0.1 ಓಮ್ ರೆಸಿಸ್ಟೆನ್ಸ್ ಕೂತರೂ 15 ಆಂಪಿಯರಿಗೆ 1.5 ವೋಲ್ಟ್ ಹೋಗುತ್ತದೆ, 22 ವ್ಯಾಟಿನಷ್ಟು ಶಾಖ ಆ ಒಂದೇ ಜಾಗದಲ್ಲಿ ಹುಟ್ಟುತ್ತದೆ. ಮುಟ್ಟಿ ನೋಡಿದರೆ ಬಿಸಿ ತಾಗುತ್ತದೆ. ಚಾಸಿಗೆ ಬಿಗಿದ ಬಾಡಿ ಅರ್ಥ್ (ಮೈನಸ್ ಜಾಯಿಂಟು) ಹೆಚ್ಚಾಗಿ ಇದಕ್ಕೆ ಸಿಗುವ ಜಾಗ, ಏಕೆಂದರೆ ಅಲ್ಲಿ ಬಣ್ಣದ ಮೇಲೆಯೇ ಬೋಲ್ಟು ಬಿಗಿದಿರುತ್ತಾರೆ. ಬಿಚ್ಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಸ್ಟಾರ್ ವಾಷರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ.

ಕರೆಂಟು ಹರಿಯದಿರುವಾಗ ಇಂಥ ಜಾಯಿಂಟನ್ನು ಮಲ್ಟಿಮೀಟರ್ ಹಿಡಿಯುವುದಿಲ್ಲ. ಮೀಟರು ತಾನು ಕರೆಂಟನ್ನೇ ಎಳೆಯದ ಕಾರಣ ಒಂದೇ ಎಳೆ ಉಳಿದ ವೈರಿನಲ್ಲೂ 12.6 ಎಂದು ತೋರಿಸುತ್ತದೆ. ಮೈಸೂರಿನ ಬನ್ನಿಮಂಟಪದ ಕಡೆಯ ಹಳೆಯ ಆಟೊ ಎಲೆಕ್ಟ್ರಿಷಿಯನ್ನುಗಳ ಕೈಯಲ್ಲಿ ಈಗಲೂ ಹೋಲ್ಡರಿಗೆ ಎರಡು ವೈರು ಬೆಸೆದ ಬಲ್ಬು ಇರುತ್ತದಲ್ಲ, ಅದೇ ಇಲ್ಲಿ ಸರಿಯಾದ ಸಾಧನ. 12 ವೋಲ್ಟ್ 55 ವ್ಯಾಟಿನ ಹೆಡ್‌ಲೈಟ್ ಬಲ್ಬು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಮೋಟರಿನ ಎರಡು ವೈರು ಬಿಚ್ಚಿ ಅದರ ಜಾಗಕ್ಕೆ ಬಲ್ಬು ಸಿಕ್ಕಿಸಿ ಬಟನ್ ಒತ್ತಿ. ಬೆಳ್ಳಗೆ ಉರಿದರೆ ದಾರಿ ಒಳ್ಳೆಯದು, ಅನುಮಾನವನ್ನು ಮೋಟರಿನತ್ತ ತಿರುಗಿಸಬಹುದು. ಕೆಂಪಗೆ ಮಂಕಾಗಿ ಉರಿದರೆ ಬ್ಯಾಟರಿಯ ಕಡೆಗೆ ಒಂದೊಂದೇ ಜಾಯಿಂಟು ಹಿಂದೆ ಹೋಗುತ್ತ ಬನ್ನಿ; ಎಲ್ಲಿ ಬೆಳ್ಳಗಾಯಿತೋ ಅಲ್ಲಿಂದ ಮೋಟರಿನ ಕಡೆಗಿರುವ ಜಾಯಿಂಟೇ ಕಳ್ಳ. ಬಲ್ಬು ಸುಡುವಷ್ಟು ಬಿಸಿಯಾಗುತ್ತದೆ, ಬೆಡ್‌ಶೀಟಿನ ಮೇಲೆ ಇಡಬೇಡಿ.

ಒಂದೇ ದಿಕ್ಕಿಗೆ ಓಡುವ ಬೆಡ್

ಇಳಿಯುತ್ತದೆ, ಏರುವುದಕ್ಕೆ ಟಿಕ್ ಸದ್ದೂ ಇಲ್ಲ. ಇಲ್ಲವೇ ಏರಿತು, ಈಗ ಇಳಿಯಲೊಲ್ಲದು. ಇದು ಸುಲಭದ ಪ್ರಕರಣ, ಏಕೆಂದರೆ ಒಂದು ದಿಕ್ಕಿಗೆ ಓಡಿದ್ದರಿಂದ ಫ್ಯೂಸು ಮತ್ತು ಮೋಟರ್ ಎರಡೂ ಬದುಕಿವೆ ಎಂಬುದು ಖಾತ್ರಿ. ಉಳಿದ ಅನುಮಾನ ಮೂರರ ಮೇಲೆ: ಆ ದಿಕ್ಕಿನ ಬಟನ್, ಆ ದಿಕ್ಕಿನ ರಿಲೇ, ಆ ದಿಕ್ಕಿನ ಲಿಮಿಟ್ ಸ್ವಿಚ್.

ಲಿಮಿಟ್ ಸ್ವಿಚ್ಚಿನ ಸಣ್ಣ ಲಿವರನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ‘ಟಕ್’ ಎಂದು ಚುರುಕಾಗಿ ಮರಳಬೇಕು. ಧೂಳು, ಒಣಗಿದ ಗ್ರೀಸು ಸೇರಿ ಲಿವರ್ ಒತ್ತಿದ ಜಾಗದಲ್ಲೇ ನಿಂತರೆ ಬೆಡ್ ಅರ್ಧದಲ್ಲಿದ್ದರೂ ‘ತುದಿ ಮುಟ್ಟಿದೆ’ ಎಂದೇ ಕಂಟ್ರೋಲ್ ಬಾಕ್ಸ್ ತಿಳಿಯುತ್ತದೆ. ಕಬ್ಬಿನ ಸೀಸನ್ನಿನಲ್ಲಿ ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಕಿಟಕಿ ತೆರೆದು ನಿಲ್ಲಿಸಿದ ಗಾಡಿಯೊಳಗೆ ಎಷ್ಟು ಧೂಳು ಬರುತ್ತದೆ ಎಂದು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ತಿಂಗಳುಗಟ್ಟಲೆ ಶೆಡ್ಡಿನಲ್ಲಿದ್ದ ಗಾಡಿಯಲ್ಲಿ ಇರುವೆ ಗೂಡು ಕಟ್ಟಿರುವುದೂ ಉಂಟು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಿಪ್ಪತ್ತು ಸಲ ಒತ್ತಿಬಿಟ್ಟರೆ ಬಹಳಷ್ಟು ಸ್ವಿಚ್ಚು ಮತ್ತೆ ಓಡುತ್ತವೆ. ಗ್ರೀಸು ಮಾತ್ರ ಹಚ್ಚಬೇಡಿ. ಮೀಟರನ್ನು ಕಂಟಿನ್ಯೂಟಿಗೆ (ದಾರಿ ಕೂಡಿದೆಯೇ ಎಂದು ತೋರಿಸುವ ಗುರುತಿಗೆ) ಇಟ್ಟು ನೋಡಿದಾಗ ಲಿವರ್ ಒತ್ತಿದರೂ ಬಿಟ್ಟರೂ ಒಂದೇ ರೀತಿ ತೋರಿಸುವ ಸ್ವಿಚ್ಚನ್ನು ಬದಲಾಯಿಸಿ.

ಆ್ಯಕ್ಚುಯೇಟರ್ ಇರುವ ಬೆಡ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದರೊಳಗಿನ ಲಿಮಿಟ್ ಸ್ವಿಚ್ಚಿಗೆ ಅಡ್ಡಲಾಗಿ ಒಂದು ಡಯೋಡ್ ಕೂತಿರುತ್ತದೆ. ತುದಿ ಮುಟ್ಟಿ ಸ್ವಿಚ್ಚು ತೆರೆದ ಮೇಲೂ ವಾಪಸ್ ಬರುವ ದಿಕ್ಕಿನ ಕರೆಂಟಿಗೆ ದಾರಿ ಬಿಡುವುದು ಅದೇ. ಆ ಡಯೋಡ್ ಸುಟ್ಟರೆ ಬೆಡ್ ತುದಿಗೆ ಹೋಗಿ ಕೂತುಬಿಡುತ್ತದೆ, ಹೊರಗೆ ಎಷ್ಟು ತಡಕಿದರೂ ತಪ್ಪು ಸಿಗುವುದಿಲ್ಲ.

ಲಿಮಿಟ್ ಸ್ವಿಚ್ಚನ್ನು ವೈರಿನ ತುಂಡಿನಿಂದ ಜೋಡಿಸಿ ‘ಸದ್ಯಕ್ಕೆ ಓಡಲಿ’ ಎಂದು ಬಿಡುವುದು ಗ್ಯಾರೇಜಿನ ಸಾಮಾನ್ಯ ರಿಪೇರಿ. ಮೇಲಿನ ತುದಿಯಲ್ಲಿ ನಿಲ್ಲಿಸುವವರಿಲ್ಲದ ಮೋಟರ್ ಪಟ್ಟಿಯನ್ನು ಕಿತ್ತು ಬರುವವರೆಗೆ ಎಳೆಯುತ್ತದೆ. ಇದನ್ನು ಯಾರು ಸೂಚಿಸಿದರೂ ಬೇಡವೆನ್ನಿ.

ಬೆಡ್ ಓರೆಯಾದರೆ

ಮೊದಲು ಗಾಡಿ ಸಮತಟ್ಟಾಗಿದೆಯೇ ನೋಡಿ. ಕನ್ನಂಬಾಡಿ ಹಿನ್ನೀರಿನ ದಡದಂಥ ಏರುತಗ್ಗಿನ ಜಾಗದಲ್ಲಿ ಒಂದು ಚಕ್ರ ಹಳ್ಳಕ್ಕೆ ಇಳಿದಿದ್ದರೆ ಉದ್ದನೆಯ ಬಾಡಿ ಸ್ವಲ್ಪ ತಿರುಚಿಕೊಳ್ಳುತ್ತದೆ, ಎರಡು ಬದಿಯ ಗೈಡ್‌ಗಳ (ಬೆಡ್ ಏರಿಳಿಯುವ ಹಳಿಗಳು) ನಡುವಿನ ಅಂತರ ಕೆಲವು ಮಿಲಿಮೀಟರ್ ಬದಲಾದರೂ ಬೆಡ್ ಕಚ್ಚಿಕೊಳ್ಳುತ್ತದೆ. ಗಾಡಿಯನ್ನು ನಾಲ್ಕು ಅಡಿ ಮುಂದಕ್ಕೆ ತಂದು ಮಟ್ಟಸ ಜಾಗದಲ್ಲಿ ನಿಲ್ಲಿಸಿದರೆ ತಾನೇ ಬಿಟ್ಟುಕೊಳ್ಳಬಹುದು.

ಮಟ್ಟಸ ಜಾಗದಲ್ಲೂ ಒಂದು ಮೂಲೆ ಹಿಂದೆ ಬಿದ್ದರೆ ಪಟ್ಟಿ ನೋಡಿ. ಸೀಟಿನ ಮೇಲೆ ಮರೆತ ಸೂಟ್‌ಕೇಸ್ ಮೇಲೆ ಬೆಡ್ ಬಂದು ಕೂತಾಗ ಆ ಬದಿಯ ಪಟ್ಟಿ ಸಡಿಲವಾಗಿ, ಡ್ರಮ್ಮಿನಿಂದ ಜಾರಿ, ಮಡಿಕೆ ಬಿದ್ದು ಸುತ್ತಿಕೊಳ್ಳುತ್ತದೆ. ಇನ್ನೂ ವಿಚಿತ್ರವೆಂದರೆ, ಕೆಳಗಿನ ಲಿಮಿಟ್ ಸ್ವಿಚ್ ಕೆಟ್ಟು ಮೋಟರ್ ಓಡುತ್ತಲೇ ಇದ್ದರೆ ಪಟ್ಟಿ ಪೂರ್ತಿ ಬಿಚ್ಚಿ, ಉಲ್ಟಾ ದಿಕ್ಕಿನಲ್ಲಿ ಸುತ್ತಿಕೊಳ್ಳಲು ಶುರುವಾಗುತ್ತದೆ. ಬಾವಿಯ ರಾಟೆಗೆ ಹಗ್ಗ ತಿರುಗುಮುರುಗಾಗಿ ಸುತ್ತಿದಂತೆ. ಆಗ ‘ಇಳಿ’ ಒತ್ತಿದರೆ ಬೆಡ್ ಏರುತ್ತದೆ, ‘ಏರು’ ಒತ್ತಿದರೆ ಇಳಿಯುತ್ತದೆ. ವೈರು ಅದಲುಬದಲಾಗಿದೆ ಎಂದು ತಿಳಿದು ವೈರನ್ನೇ ತಿರುಗಿಸಿ ಕಟ್ಟಿದರೆ ಲಿಮಿಟ್ ಸ್ವಿಚ್ಚುಗಳೂ ತಲೆಕೆಳಗಾಗುತ್ತವೆ. ಮಾಡಬೇಕಾದ್ದು ಇಷ್ಟೇ: ‘ಏರು’ ಒತ್ತಿ ಹಿಡಿದು ಪಟ್ಟಿ ಪೂರ್ತಿ ಬಿಚ್ಚಿಕೊಳ್ಳಲು ಬಿಡಿ, ಸರಿಯಾದ ದಿಕ್ಕಿನಲ್ಲಿ ಸುತ್ತಲು ಶುರುವಾದಾಗ ಪಟ್ಟಿಯನ್ನು ಕೈಯಿಂದ ಬಿಗಿಯಾಗಿ, ಮಡಿಕೆ ಬೀಳದಂತೆ ಹಿಡಿದಿರಿ. ಬೆರಳು ಡ್ರಮ್ಮಿನಿಂದ ಒಂದು ಗೇಣು ದೂರವಿರಲಿ. ಆಮೇಲೆ ಕೆಳಗಿನ ಲಿಮಿಟ್ ಸ್ವಿಚ್ಚನ್ನು ಸರಿಮಾಡದೆ ಬಿಡಬೇಡಿ.

ಡ್ರಮ್ಮು ಶಾಫ್ಟಿನ ಮೇಲೆ ಜಾರುತ್ತಿದ್ದರೆ ಅದನ್ನು ಶಾಫ್ಟಿಗೆ ಬಿಗಿಯುವ ತಲೆಯಿಲ್ಲದ ಗ್ರಬ್ ಸ್ಕ್ರೂ ಸಡಿಲಾಗಿದೆ. ಎರಡು ಮೋಟರುಗಳಿರುವ ಬೆಡ್ ಓರೆಯಾಗಿದ್ದರೆ ಅವೆರಡರ ಹೊಂದಾಣಿಕೆ ತಪ್ಪಿರುತ್ತದೆ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಹೀಗಾಗುವುದುಂಟು. ಅದನ್ನು ಮರುಹೊಂದಿಸುವ ಕ್ರಮ ಒಂದೊಂದು ಕಂಪನಿಯದು ಒಂದೊಂದು ರೀತಿ, ಪುಸ್ತಕದಲ್ಲಿರುವಂತೆಯೇ ಮಾಡಬೇಕು.

ಮೇಲಕ್ಕೆ ಹೋಗುವ ಕೊನೆಯ ಎರಡು ಮೂರು ಇಂಚಿನಲ್ಲಿ ನಿಂತರೆ ರಿಪೇರಿಯೇ ಬೇಡ, ದಿಂಬು ಕಂಬಳಿ ಕೆಳಗಿಳಿಸಿ. ಛಾವಣಿಗೂ ಹಾಸಿಗೆಗೂ ನಡುವೆ ಅಷ್ಟು ಜಾಗವಿರುವುದಿಲ್ಲ. ಮಕ್ಕಳು ಆಟಕ್ಕೆಂದು ನಾಲ್ಕೈದು ಸಲ ಏರಿಸಿ ಇಳಿಸಿದ ಮೇಲೆ ನಿಂತರೂ ಗಾಬರಿ ಬೇಡ. ಈ ಮೋಟರುಗಳು ಸತತವಾಗಿ ಓಡಲು ಮಾಡಿದವಲ್ಲ, ಆ್ಯಕ್ಚುಯೇಟರುಗಳಲ್ಲಿ ಎರಡು ನಿಮಿಷ ಓಡಿದರೆ ಹದಿನೆಂಟು ನಿಮಿಷ ಬಿಡುವು ಎಂಬ ಮಿತಿ ಸಾಮಾನ್ಯ. ಏಪ್ರಿಲ್ ಬಿಸಿಲಲ್ಲಿ ಛಾವಣಿಯಡಿ ಬೆಂದ ಮೋಟರಿಗೆ ಅರ್ಧ ಗಂಟೆ ಕೊಡಿ.

ಕೈಯಿಂದ ಏರಿಸುವುದು

ಮೋಟರಿನ ಅಥವಾ ಗೇರ್‌ಬಾಕ್ಸಿನ ತುದಿಯಲ್ಲಿ ಪ್ಲಾಸ್ಟಿಕ್ ಮುಚ್ಚಳದಡಿ ಆರು ಮೂಲೆಯ ತಲೆ ಇದೆಯೇ ನೋಡಿ. ಕ್ರ್ಯಾಂಕ್ ಹಿಡಿಕೆಯನ್ನು ಗಾಡಿಯ ಟೂಲ್‌ಕಿಟ್ಟಿನಲ್ಲೇ ಕೊಟ್ಟಿರುತ್ತಾರೆ. ಇಲ್ಲವಾದರೆ ಅಳತೆಗೆ ಸರಿಯಾದ ಅಲೆನ್ ಕೀ ಅಥವಾ ಸಾಕೆಟ್ ಬೇಕು. 12 ವೋಲ್ಟ್ ಆಫ್ ಮಾಡಿ, ನಿಧಾನವಾಗಿ ತಿರುಗಿಸಿ. ವರ್ಮ್ ಗೇರ್ ಆದ್ದರಿಂದ ಬಹಳ ಸುತ್ತು ತಿರುಗಿಸಬೇಕಾಗುತ್ತದೆ, ಆದರೆ ಕೈಗೆ ಹಗುರವಾಗಿರಬೇಕು. ಹಗುರವಾಗಿ ತಿರುಗಿದರೆ ತೊಂದರೆ ಕರೆಂಟಿನದು, ಬಿಗಿಯಾದರೆ ಬೆಡ್ ಎಲ್ಲೋ ಕಚ್ಚಿದೆ. ಬಿಗಿಯಾದದ್ದನ್ನು ಪೈಪು ಸಿಕ್ಕಿಸಿ ತಿರುಗಿಸಿದರೆ ಪಿನ್ನು ಮುರಿಯುತ್ತದೆ. ಇಂಪ್ಯಾಕ್ಟ್ ಡ್ರೈವರ್ ಖಂಡಿತ ಬೇಡ, ಸಾಧಾರಣ ಡ್ರಿಲ್ಲನ್ನೂ ಪುಸ್ತಕ ಅನುಮತಿಸಿದ್ದರೆ ಮಾತ್ರ, ಕಡಿಮೆ ವೇಗದಲ್ಲಿ.

ಕೈಯಿಂದಲೂ ಪೂರ್ತಿ ಏರದಿದ್ದರೆ ಎಷ್ಟು ಏರಿತೋ ಅಲ್ಲಿಗೆ ಊರೆ ಕೊಟ್ಟು, ರ‍್ಯಾಚೆಟ್ ಬೆಲ್ಟಿನಿಂದ ಬೆಡ್‌ನ ಫ್ರೇಮನ್ನು ಬಾಡಿಯ ಗಟ್ಟಿ ಜಾಗಗಳಿಗೆ ಬಿಗಿದು, ಕೆಳಗಿನ ಸೀಟುಗಳಲ್ಲಿ ಯಾರನ್ನೂ ಕೂರಿಸದೆ ಹತ್ತಿರದ ವರ್ಕ್‌ಶಾಪಿನವರೆಗೆ ನಿಧಾನವಾಗಿ ಹೋಗಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತಬೇಡಿ, ಸರ್ವಿಸ್ ರಸ್ತೆ ಹಿಡಿಯಿರಿ. ಡ್ರೈವರ್ ಸೀಟಿನ ಮೇಲೆಯೇ ಇಳಿಯುವ ಬೆಡ್ ಅರ್ಧದಲ್ಲಿದ್ದರೆ ಗಾಡಿ ಓಡಿಸುವುದೇ ಬೇಡ, ಮೆಕ್ಯಾನಿಕ್ಕನ್ನೇ ಕರೆಸಿ.

ಮೋಟರೇ ಹೋಗಿರುವುದು ಕೊನೆಗೆ ಖಚಿತವಾದರೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಅದರ ಕಾರ್ಬನ್ ಬ್ರಷ್ ಮೊದಲು ನೋಡಿಸಿ. ಮೋಟರಿನ ಮೈಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಓಡಿದರೆ ಬ್ರಷ್ ಸವೆದಿದೆ ಎಂದರ್ಥ. ಮೋಟರ್ ರಿವೈಂಡಿಂಗ್ ಮಾಡುವವರು ಅದೇ ಅಳತೆಯ ಬ್ರಷ್ ಉಜ್ಜಿ ಕೂರಿಸಿಕೊಡುತ್ತಾರೆ. ತುಂಡಾದ ಶಾಫ್ಟ್ ಪಿನ್ನನ್ನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಂಥ ಕಡೆ ಲೇತ್ ಕೆಲಸದವರಿಂದ ಮಾಡಿಸಿಕೊಳ್ಳಬಹುದು, ಆದರೆ ಹಳೆಯ ಪಿನ್ನಿನ ತುಂಡನ್ನು ಜೊತೆಗೆ ಒಯ್ಯಿರಿ ಮತ್ತು ಅದಕ್ಕಿಂತ ಗಟ್ಟಿಯ ಉಕ್ಕಿನಲ್ಲಿ ಮಾಡಿಸಬೇಡಿ. ಎಷ್ಟೋ ಗಾಡಿಗಳಲ್ಲಿ ಗೇರ್ ಉಳಿಯಲೆಂದೇ ಆ ಪಿನ್ನನ್ನು ಮೊದಲು ಮುರಿಯುವಂತೆ ಮೆತ್ತಗೆ ಮಾಡಿರುತ್ತಾರೆ. ಪಟ್ಟಿಯ ವಿಷಯದಲ್ಲಿ ಮಾತ್ರ ಜಾಣತನ ತೋರಿಸಬೇಡಿ. ಅಂಚು ಎಳೆಬಿಟ್ಟ ಪಟ್ಟಿಯನ್ನು ಕುಶನ್ ಅಂಗಡಿಯಲ್ಲಿ ಹೊಲಿಸಿದರೆ ನೋಡಲು ಅಚ್ಚುಕಟ್ಟಾಗಿರುತ್ತದೆ, ಮಲಗಿದವರ ಭಾರಕ್ಕೆ ಆ ಹೊಲಿಗೆ ನಿಲ್ಲುತ್ತದೆಂಬ ಖಾತ್ರಿ ಇಲ್ಲ. ಒಂದು ಪಟ್ಟಿ ಸವೆದರೆ ಉಳಿದವೂ ಅಷ್ಟೇ ವಯಸ್ಸಿನವು. ನಾಲ್ಕನ್ನೂ ಕಂಪನಿಯ ಅಳತೆಯಲ್ಲೇ ತರಿಸಿ ಒಟ್ಟಿಗೆ ಬದಲಾಯಿಸಿ, ಹಾಕಿದ ಮೇಲೆ ಬೆಡ್ಡನ್ನು ಖಾಲಿಯಾಗಿ ಎರಡು ಮೂರು ಸಲ ಪೂರ್ತಿ ಏರಿಳಿಸಿ, ನಾಲ್ಕು ಮೂಲೆಯ ಎತ್ತರವನ್ನು ಟೇಪಿನಲ್ಲಿ ಅಳೆದು, ಹೆಚ್ಚುಕಮ್ಮಿ ಇದ್ದರೆ ಪಟ್ಟಿಯ ತುದಿಯ ಅಡ್ಜಸ್ಟಿಂಗ್ ಬೋಲ್ಟಿನಲ್ಲಿ ಸರಿಮಾಡಿ.